ಗಿಡಕ್ಕೆ ಜೋಡಿ ಯಾವುದು? ಸಲಹೆ ಕೇಳಿ ಬಂದ ಎರಡು ಪತ್ರಗಳ ಪ್ರಕರಣ

ಎರಡು ವರ್ಷದ ಹಿಂದೆ ನನಗೊಂದು ಇಮೇಲ್ ಬಂತು. ಬರೆದವರು ಭಾಷಾವಿಜ್ಞಾನದಲ್ಲಿ ಪಿಎಚ್‌ಡಿಗೆ ಸೇರಿ ಒಂದು ವರ್ಷವಾಗಿದ್ದ ಸಂಶೋಧಕಿ. ನನಗೆ ಪರಿಚಯ ಇರಲಿಲ್ಲ. ಪತ್ರ ಇಷ್ಟೇ ಇತ್ತು:

"ಮಾನ್ಯರೇ, ನಾನು ಕನ್ನಡದ ದ್ವಿರುಕ್ತಿಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದೇನೆ. ಈ ವಿಷಯದಲ್ಲಿ ತಮ್ಮ ಅಮೂಲ್ಯ ಸಲಹೆ ಬೇಕಾಗಿದೆ. ಸಂಬಂಧಪಟ್ಟ ಪುಸ್ತಕ, ಲೇಖನಗಳಿದ್ದರೆ ದಯವಿಟ್ಟು ತಿಳಿಸಿ."

ನಾನು ಉತ್ತರ ಬರೆಯಲಿಲ್ಲ. ಸಮಯ ಇರಲಿಲ್ಲ ಅಂತಲ್ಲ. ಏನು ಬರೆಯಬೇಕು ಅಂತ ನಿಜವಾಗಿಯೂ ಹೊಳೆಯಲಿಲ್ಲ. ನಾಳೆ ನೋಡೋಣ ಅಂತ ಬಿಟ್ಟೆ. ಆ ನಾಳೆ ಬರಲೇ ಇಲ್ಲ.

ನಾಲ್ಕು ತಿಂಗಳಾದ ಮೇಲೆ ಅವರಿಂದಲೇ ಇನ್ನೊಂದು ಪತ್ರ ಬಂತು. ಅದಕ್ಕೆ ಹತ್ತೇ ನಿಮಿಷದಲ್ಲಿ ಉತ್ತರ ಬರೆದೆ. ಕೇಳಿದವರು ಅದೇ ವ್ಯಕ್ತಿ, ವಿಷಯವೂ ಅದೇ, ಓದಿದವಳು ನಾನೇ. ಆ ನಾಲ್ಕು ತಿಂಗಳಲ್ಲಿ ಏನು ಬದಲಾಯಿತು, ಆಮೇಲೆ ಬಂದ ಸಲಹೆಗಳು ಆ ಸಂಶೋಧನೆಯನ್ನು ಎಲ್ಲಿಗೆ ತಿರುಗಿಸಿದವು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರ ಒಪ್ಪಿಗೆ ಇದೆ. ಹೆಸರು ಬೇಡ ಅಂದಿದ್ದಾರೆ.

ಮೊದಲ ಪತ್ರ

ಅದೇ ಪತ್ರ ಏಳು ಜನರಿಗೆ ಹೋಗಿತ್ತು ಅಂತ ಆಮೇಲೆ ಗೊತ್ತಾಯಿತು. ಇಬ್ಬರು ಮಾತ್ರ ಉತ್ತರ ಕೊಟ್ಟಿದ್ದರು. ಒಬ್ಬರು ಬೇಗಬೇಗ, ಮನೆಮನೆ ಥರದ ಪದಗಳ ಬಗ್ಗೆ ಓದಲು ಹೇಳಿದ್ದರು. ಇನ್ನೊಬ್ಬರು ದಬದಬ, ಪಟಪಟ ಅಂತ ಸದ್ದನ್ನು ಅನುಕರಿಸುವ ಪದಗಳ ಮೇಲೆ ಒಂದು ಪಟ್ಟಿ ಕಳಿಸಿದ್ದರು. ಸಂಶೋಧಕಿಯ ಮನಸ್ಸಿನಲ್ಲಿದ್ದದ್ದು ಎರಡೂ ಅಲ್ಲ. ಅವರಿಗೆ ಬೇಕಿದ್ದದ್ದು ಹುಲಿಗಿಲಿ, ಪುಸ್ತಕಗಿಸ್ತಕ, ಕೆಲಸಗಿಲಸ.

ತಪ್ಪು ಉತ್ತರ ಕೊಟ್ಟವರದ್ದಲ್ಲ. ಶಾಲೆಯ ವ್ಯಾಕರಣದಲ್ಲಿ ದ್ವಿರುಕ್ತಿ ಬೇರೆ, ಜೋಡುನುಡಿ ಬೇರೆ, ಅನುಕರಣಾವ್ಯಯ ಬೇರೆ. ಬೇಗಬೇಗ ಅನ್ನುವಾಗ ಇಡೀ ಪದವೇ ಮತ್ತೆ ಬರುತ್ತದೆ. ಮನೆಮಠದಲ್ಲಿ ಎರಡು ಬೇರೆ ಪದಗಳಿವೆ, ಎರಡಕ್ಕೂ ತಮ್ಮದೇ ಅರ್ಥವಿದೆ. ಹುಲಿಗಿಲಿಯಲ್ಲಿ ಗಿಲಿಗೆ ತಾನಾಗಿ ಅರ್ಥವೇ ಇಲ್ಲ. ಹುಲಿಯ ಮೊದಲ ಅಕ್ಷರ ತೆಗೆದು ಅಲ್ಲಿ ಗಿ ಇಟ್ಟಿದ್ದೇವೆ, ಅಷ್ಟೇ. 'ಹುಲಿ, ಮತ್ತೆ ಅಂಥವು' ಅನ್ನುವ ಭಾವ ಬರುತ್ತದೆ. ಭಾಷಾವಿಜ್ಞಾನಿಗಳು ಇದನ್ನು ಪ್ರತಿಧ್ವನಿ ಪದ ಅನ್ನುತ್ತಾರೆ. ಪತ್ರದಲ್ಲಿ ಒಂದೇ ಒಂದು ಉದಾಹರಣೆ ಇದ್ದಿದ್ದರೂ ಈ ಗೊಂದಲ ಆಗುತ್ತಿರಲಿಲ್ಲ.

ನಮ್ಮ ವಿಷಯದಲ್ಲಿ ಪಾರಿಭಾಷಿಕ ಪದಗಳು ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಅರ್ಥ ಕೊಡುತ್ತವೆ. ಉದಾಹರಣೆ ಹಾಗಲ್ಲ. ಹುಲಿಗಿಲಿ ಅಂದರೆ ಎಲ್ಲರಿಗೂ ಹುಲಿಗಿಲಿಯೇ.

ಮೊದಲ ಪತ್ರದಲ್ಲಿ ಇನ್ನೊಂದು ಕೊರತೆ ಇತ್ತು. ಅದರಲ್ಲಿ ಯಾರಾದರೂ "ಇಲ್ಲ, ಹಾಗಲ್ಲ" ಅನ್ನಬಹುದಾದ ಮಾತು ಒಂದೂ ಇರಲಿಲ್ಲ. ಸಲಹೆ ಅನ್ನುವುದು ಜಾಸ್ತಿ ಸಲ ಆ "ಇಲ್ಲ"ದಿಂದಲೇ ಶುರುವಾಗುತ್ತದೆ, ಅಲ್ವಾ?

ಎರಡನೆಯ ಪತ್ರ

ಇದನ್ನು ಪೂರ್ತಿಯಾಗಿ ಕೊಡುತ್ತೇನೆ. ಸಲಹೆ ಕೇಳುವ ಪತ್ರ ಹೇಗಿರಬೇಕು ಅಂತ ನನ್ನನ್ನು ಯಾರಾದರೂ ಕೇಳಿದರೆ ಈಗ ಇದನ್ನೇ ತೋರಿಸುತ್ತೇನೆ.

"ನಮಸ್ಕಾರ ಮೇಡಂ. ಹಿಂದೆ ಒಮ್ಮೆ ಬರೆದಿದ್ದೆ. ಆಗ ನನ್ನ ಪ್ರಶ್ನೆ ನನಗೇ ಸರಿಯಾಗಿ ಗೊತ್ತಿರಲಿಲ್ಲ. ಈಗ ಹೀಗೆ ಕೇಳುತ್ತೇನೆ.

ಹುಲಿಗಿಲಿ, ಪುಸ್ತಕಗಿಸ್ತಕ ಥರದ ಪದಗಳಿಗೆ ವಿಭಕ್ತಿ ಹತ್ತಿದಾಗ ಏನಾಗುತ್ತದೆ ಅಂತ ನೋಡುತ್ತಿದ್ದೇನೆ.

1. ಪುಸ್ತಕಗಿಸ್ತಕವನ್ನು ತೆಗೆದಿಡು.
2. ಪುಸ್ತಕವನ್ನು ಗಿಸ್ತಕವನ್ನು ತೆಗೆದಿಡು.
3. *ಪುಸ್ತಕವನ್ನು ಗಿಸ್ತಕ ತೆಗೆದಿಡು.

ಮೊದಲ ಎರಡು ನನಗೆ ಸರಿ ಅನ್ನಿಸುತ್ತವೆ. ಮೂರನೆಯದು ಇಲ್ಲ. ಮನೆಯಲ್ಲಿ ಮೂವರನ್ನು ಕೇಳಿದೆ. ಇಬ್ಬರು ನನ್ನ ಹಾಗೆಯೇ ಹೇಳಿದರು, ಒಬ್ಬರಿಗೆ ಮೂರನೆಯದೂ ಪರವಾಗಿಲ್ಲ.

ನನ್ನ ಪ್ರಶ್ನೆ: ಮೊದಲು ಜೋಡಿಯಾಗಿ ಆಮೇಲೆ ಪ್ರತ್ಯಯ ಹತ್ತುತ್ತದೋ, ಪ್ರತ್ಯಯ ಹತ್ತಿದ ಮೇಲೆ ಜೋಡಿಯಾಗುತ್ತದೋ? ಎರಡೂ ನಡೆಯುತ್ತದೆ ಅಂದರೆ, ಇದನ್ನು ಪದರಚನೆಯ ಯಾವ ಹಂತದಲ್ಲಿ ಇಡಬೇಕು? ಪ್ರತಿಧ್ವನಿ ಪದಗಳು ಈ ಉಪಖಂಡದ ಬೇರೆ ಬೇರೆ ಕುಟುಂಬದ ಭಾಷೆಗಳಲ್ಲಿ ಹರಡಿವೆ ಅಂತ ಭಾಷಾವಿಜ್ಞಾನಿ ಎಮೆನೊ ಅವರ 1956ರ ಲೇಖನದಲ್ಲಿ ಓದಿದ್ದೇನೆ. ವಿಭಕ್ತಿಯ ಬಗ್ಗೆ ಯಾರು ಬರೆದಿದ್ದಾರೆ ಅಂತ ನನಗೆ ಸಿಕ್ಕಿಲ್ಲ.

ಪೂರ್ತಿ ಉತ್ತರಕ್ಕೆ ಸಮಯವಿಲ್ಲದಿದ್ದರೆ, ಮೂರನೆಯ ವಾಕ್ಯ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ ಅಂತ ಹೇಳಿದರೂ ಸಾಕು."

ಆ ಕೊನೆಯ ಸಾಲು ನೋಡಿ. ಅಷ್ಟು ಚಿಕ್ಕ ಕೆಲಸವನ್ನು ಯಾರು ಇಲ್ಲ ಅಂದಾರು? ಮೂರನೆಯ ವಾಕ್ಯವನ್ನು ನಾಲ್ಕು ಸಲ ಜೋರಾಗಿ ಹೇಳಿಕೊಂಡೆ. ಉತ್ತರ ಬರೆಯಲು ಕೂತವಳು ಒಂದು ಪುಟ ಬರೆದೆ. ಮನೆಯಲ್ಲಿ ಒಬ್ಬರು ಒಪ್ಪಲಿಲ್ಲ ಅನ್ನುವುದನ್ನು ಅವರು ಮುಚ್ಚಿಡಲಿಲ್ಲ. ಅದೂ ನನ್ನನ್ನು ಸೆಳೆಯಿತು. ತನಗೆ ಅಡ್ಡ ಬರುವ ಮಾಹಿತಿಯನ್ನೂ ಮುಂದಿಡುವವರ ಜೊತೆ ಮಾತಾಡಬಹುದು.

ಸರಿಯಲ್ಲ ಅನ್ನಿಸುವ ಸಾಲಿನ ಮುಂದೆ ನಕ್ಷತ್ರ (*) ಹಾಕುವುದು, ವಾಕ್ಯಗಳಿಗೆ ಸಂಖ್ಯೆ ಕೊಡುವುದು ಚಿಕ್ಕ ವಿಷಯ ಅನ್ನಿಸಬಹುದು. ಆದರೆ "ನಿಮ್ಮ 3ರಲ್ಲಿ ತೊಂದರೆ ಇದೆ" ಅಂತ ಉತ್ತರ ಬರೆಯುವವರಿಗೆ ಎಷ್ಟು ಸುಲಭ! ಕನ್ನಡ ಬಾರದ ಇಬ್ಬರಿಗೆ ಅವರು ಇದೇ ಪತ್ರವನ್ನು ಲೈಪ್‌ಜಿಗ್ ನಿಯಮದಂತೆ ಕಳಿಸಿದ್ದರು. ಅಂದರೆ ಮೇಲೆ ಮೂಲ ವಾಕ್ಯ, ಅದರ ಕೆಳಗೆ ಒಂದೊಂದು ತುಣುಕಿನ ಅರ್ಥ ಮತ್ತು ವ್ಯಾಕರಣದ ಗುರುತು, ಅದರ ಕೆಳಗೆ ಪೂರ್ತಿ ಅನುವಾದ. ಈ ಮೂರು ಸಾಲು ಇದ್ದದ್ದರಿಂದಲೇ ಒಂದು ಪದ ಕನ್ನಡ ಗೊತ್ತಿಲ್ಲದವರೂ ಚರ್ಚೆಗೆ ಬಂದರು. ಈ ಪ್ರಕರಣದ ದೊಡ್ಡ ತಿರುವು ಅವರಲ್ಲೊಬ್ಬರಿಂದಲೇ ಬಂತು.

ಬಂದ ಉತ್ತರಗಳು

ಏಳರಲ್ಲಿ ಈ ಸಲ ಐದು ಉತ್ತರ ಬಂದವು.

ಎಲ್ಲಕ್ಕಿಂತ ಒರಟಾದದ್ದು ಮೊದಲು ಬಂತು. "ಇದು ಆಗಿಹೋದ ಕೆಲಸ. ಜೆಫ್ರಿ ಲಿಡ್ಜ್ 2001ರಲ್ಲೇ ಕನ್ನಡದ ಪ್ರತಿಧ್ವನಿ ಪದಗಳ ಮೇಲೆ ಬರೆದಿದ್ದಾರೆ, ಓದಿಕೊಳ್ಳಿ." ಇಷ್ಟೇ. ಸಂಶೋಧಕಿ ಆ ಲೇಖನ ಹುಡುಕಿ ಓದಿದರು. ನಿಜ. ಪ್ರತ್ಯಯ ಜೋಡಿಯ ಹೊರಗೂ ಇರಬಹುದು, ಒಳಗೂ ಇರಬಹುದು ಅನ್ನುವುದು ಅಲ್ಲಿತ್ತು. ಅಷ್ಟೇ ಅಲ್ಲ, ಇನ್ನೂ ಮುಂದಕ್ಕೆ ಹೋಗಿ, "ಬಾಗಿಲನ್ನು ಮುಚ್ಚಿದೆ ಗೀಗಿಲನ್ನು ಮುಚ್ಚಿದೆ ಅಂತ ಹೇಳಬೇಡ" ಅನ್ನುವ ಥರದಲ್ಲಿ ಕ್ರಿಯಾಪದ ಸೇರಿ ಇಡೀ ಪದಗುಚ್ಛವೇ ಪ್ರತಿಧ್ವನಿ ಆಗುತ್ತದೆ ಅಂತ ಅಲ್ಲಿ ತೋರಿಸಿದ್ದರು. ಇದು ಇವರಿಗೆ ಹೊಳೆದೇ ಇರಲಿಲ್ಲ.

ಎರಡು ವಾರ ಅವರು ಯಾರಿಗೂ ಏನೂ ಬರೆಯಲಿಲ್ಲ. ಆಮೇಲೆ ನನಗೆ ಫೋನ್ ಮಾಡಿದರು. "ಮೇಡಂ, ವಿಷಯ ಬದಲಿಸಲಾ?" ಅಂತ ಕೇಳಿದರು. ದನಿ ತುಂಬ ಬಿದ್ದುಹೋಗಿತ್ತು.

ಆ ಉತ್ತರ ನನಗೆ ನಷ್ಟ ಅಂತ ಅನ್ನಿಸಲಿಲ್ಲ. ಈಗಲೂ ಅನ್ನಿಸುವುದಿಲ್ಲ. ಆ ಲೇಖನ ಅವರಿಗೆ ಯಾಕೆ ಸಿಕ್ಕಿರಲಿಲ್ಲ ಗೊತ್ತಾ? ಅವರು ದ್ವಿರುಕ್ತಿ ಅಂತ ಹುಡುಕಿದ್ದರು, ರಿಡುಪ್ಲಿಕೇಶನ್ ಅಂತ ಹುಡುಕಿದ್ದರು. ಕನ್ನಡದ ಜೊತೆ ಎಕೋ ಅನ್ನುವ ಪದ ಸೇರಿಸಿ ಒಮ್ಮೆಯೂ ಹುಡುಕಿರಲಿಲ್ಲ. ನಮ್ಮ ಕ್ಷೇತ್ರದಲ್ಲಿ ಒಂದೇ ಸಂಗತಿ ಮೂರು ನಾಲ್ಕು ಹೆಸರಿನಲ್ಲಿ ಅಡಗಿರುತ್ತದೆ. ಆ ಇನ್ನೊಂದು ಹೆಸರು ಒಬ್ಬರೇ ಕೂತು ಓದುವವರಿಗೆ ಬೇಗ ಸಿಗುವುದಿಲ್ಲ. ಬೇರೆಯವರನ್ನು ಕೇಳಿದರೆ ಒಂದೇ ಸಾಲಿನಲ್ಲಿ ಸಿಗುತ್ತದೆ. ಒರಟು ಪತ್ರದಿಂದ ಅವರಿಗೆ ಆ ಹೆಸರು ಸಿಕ್ಕಿತು. ಮೂರನೆಯ ವರ್ಷದಲ್ಲಿ, ಅಧ್ಯಾಯ ಬರೆದು ಮುಗಿದ ಮೇಲೆ ಇದು ಗೊತ್ತಾಗಿದ್ದರೆ?

"ಬದಲಿಸಬೇಡಿ, ಉಳಿದ ಉತ್ತರಗಳನ್ನು ಓದಿ" ಅಂದೆ.

ಎರಡನೆಯ ಉತ್ತರ ವಾಕ್ಯರಚನೆಯ ಮೇಲೆ ಕೆಲಸ ಮಾಡುವವರದ್ದು. ಅವರು 3ನೆಯ ವಾಕ್ಯವನ್ನೇ ಬಿಚ್ಚಿಟ್ಟರು. ಕನ್ನಡದಲ್ಲಿ ನಿರ್ಜೀವ ವಸ್ತುವಿಗೆ ದ್ವಿತೀಯೆಯ 'ಅನ್ನು' ಪ್ರತ್ಯಯ ಬಿಟ್ಟು ಮಾತಾಡುತ್ತೇವೆ. "ಪುಸ್ತಕ ತೆಗೆದಿಡು" ಅಂದರೆ ಏನೂ ತೊಂದರೆ ಇಲ್ಲ. ಹಾಗಿದ್ದಾಗ "ಪುಸ್ತಕವನ್ನು ಗಿಸ್ತಕ ತೆಗೆದಿಡು" ಅನ್ನುವಲ್ಲಿ ಎರಡನೆಯ 'ಅನ್ನು' ಸುಮ್ನೆ ಬಿಟ್ಟುಹೋಗಿರಬಹುದು. ಅದನ್ನು ಒಪ್ಪಿದ ಮನೆಯವರು ಹಾಗೆ ಕೇಳಿಸಿಕೊಂಡಿರಬಹುದು. ಆದ್ದರಿಂದ ಈ ವಾಕ್ಯದಿಂದ ಏನೂ ತೀರ್ಮಾನ ಆಗುವುದಿಲ್ಲ. ಬಿಡಲಾಗದ ಪ್ರತ್ಯಯ, ಅಂದರೆ ಚತುರ್ಥಿಯ 'ಕ್ಕೆ' ಥರದ್ದು, ತೆಗೆದುಕೊಳ್ಳಿ ಅಂದರು. "ಪುಸ್ತಕಕ್ಕೆ ಗಿಸ್ತಕಕ್ಕೆ ಕೈ ಹಾಕಬೇಡ" ಸರಿ. "ಪುಸ್ತಕಕ್ಕೆ ಗಿಸ್ತಕ ಕೈ ಹಾಕಬೇಡ" ಅಂತ ಹೇಳಿ ನೋಡಿ. ನನ್ನ ಕಿವಿಗೆ ಅದು ಬೀಳುವುದೇ ಇಲ್ಲ. ಮನೆಯ ಮೂವರನ್ನೂ ಮತ್ತೆ ಕೇಳಿದಾಗ ಈ ಸಲ ಮೂವರದ್ದೂ ಒಂದೇ ಮಾತು. ಒಬ್ಬರು ತನ್ನ ತೀರ್ಪನ್ನು ಒಪ್ಪಲಿಲ್ಲ ಅಂತ ಸಂಶೋಧಕಿ ಬರೆದದ್ದರಿಂದಲೇ ಈ ಸುಳಿವು ಸಿಕ್ಕಿತು.

ಮೂರನೆಯದು ಅರ್ಥವಿಜ್ಞಾನದವರದ್ದು. ಅವರದ್ದು ಒಂದೇ ತಕರಾರು: ಯಾವ ಸಂದರ್ಭದಲ್ಲಿ? "ಹುಲಿಗಿಲಿ ನೋಡಿದ್ಯಾ?" ಸಹಜ. "ಹುಲಿಗಿಲಿ ಬಂದರೆ ಓಡಿ ಬಾ" ಸಹಜ. ಆದರೆ ಕಣ್ಣೆದುರು ಒಂದೇ ಒಂದು ಹುಲಿ ನಿಂತಿದ್ದಾಗ "ಅಗೋ, ಹುಲಿಗಿಲಿ" ಅನ್ನುತ್ತೇವಾ? ಇಂಥದ್ದೇ ಅಂತ ಗೊತ್ತಿರುವಾಗ ಗಿ ಬರಲು ಹಿಂಜರಿಯುತ್ತದೆ. ಸಂದರ್ಭ ಹೇಳದೆ ವಾಕ್ಯ ಸರಿಯಾ ತಪ್ಪಾ ಅಂತ ಕೇಳಿದರೆ, ಪ್ರತಿಯೊಬ್ಬರೂ ತಮ್ಮ ತಲೆಯಲ್ಲೇ ಒಂದು ಸಂದರ್ಭ ಕಲ್ಪಿಸಿಕೊಂಡು ಉತ್ತರ ಕೊಡುತ್ತಾರೆ. ಆಗ ಉತ್ತರಗಳು ಬೇರೆಯಾದರೆ ಭಾಷೆ ಬೇರೆಯೋ, ಕಲ್ಪಿಸಿದ ಸಂದರ್ಭ ಬೇರೆಯೋ ಅಂತ ಹೇಳಲಾಗುವುದಿಲ್ಲ.

ನನ್ನ ಉತ್ತರ ಇವುಗಳ ಮುಂದೆ ಸಾಧಾರಣ. ಸ್ವರದ ಉದ್ದದ ಕಡೆ ಗಮನ ಕೊಡಿ ಅಂದಿದ್ದೆ. ಹುಲಿ ಅಂದರೆ ಗಿಲಿ, ಹಾವು ಅಂದರೆ ಗೀವು. ಹ್ರಸ್ವ ಇದ್ದಲ್ಲಿ ಗಿ, ದೀರ್ಘ ಇದ್ದಲ್ಲಿ ಗೀ. ಸ್ವರದಿಂದ ಶುರುವಾಗುವ ಪದದಲ್ಲೂ ಹೀಗೆಯೇ: ಎಲೆಗಿಲೆ, ಆಟಗೀಟ. ಮೂಲ ಸ್ವರ ಹೋದರೂ ಅದರ ಉದ್ದ ಉಳಿಯುತ್ತದೆ ಅನ್ನುವುದು ನನಗೆ ಯಾವತ್ತೂ ಸೋಜಿಗ.

ಗಿಡದ ಪ್ರಶ್ನೆ

ಐದನೆಯ ಉತ್ತರ ಬರೆದವರು ಕನ್ನಡ ಬಾರದ ಧ್ವನಿವಿಜ್ಞಾನಿ. ಮೂರು ಸಾಲಿನ ಉದಾಹರಣೆಗಳನ್ನು ನೋಡಿ ಅವರು ಕೇಳಿದ್ದು ಇಷ್ಟು: "ನಿಮ್ಮ ಭಾಷೆಯಲ್ಲಿ ಗಿಯಿಂದಲೇ ಶುರುವಾಗುವ ಪದಕ್ಕೆ ಏನು ಮಾಡುತ್ತೀರಿ?"

ಗಿಡ. ಗಿಳಿ. ಗಿರಾಕಿ. ಗೀತೆ.

ನಿಯಮದಂತೆ ಹೋದರೆ ಗಿಡಕ್ಕೆ ಜೋಡಿ ಗಿಡವೇ. ಆದರೆ "ಗಿಡಗಿಡ" ಅಂದರೆ ಪ್ರತಿಯೊಂದು ಗಿಡ ಅಂತ ಆಗಿಬಿಡುತ್ತದೆ, 'ಗಿಡ ಮತ್ತೆ ಅಂಥವು' ಆಗುವುದಿಲ್ಲ. ಹುಟ್ಟಿದಾಗಿನಿಂದ ಕನ್ನಡ ಮಾತಾಡುವ ನಾವ್ಯಾರೂ ಇದನ್ನು ಗಮನಿಸಿರಲಿಲ್ಲ. ಭಾಷೆ ಗೊತ್ತಿಲ್ಲದವರಿಗೆ ಅದು ಕಂಡಿತು. ಯಾಕೆಂದರೆ ಅವರು ಇದೇ ತೊಂದರೆಯನ್ನು ಬೇರೆ ಕಡೆ ನೋಡಿದ್ದರು.

ಅವರು ಬರೆದದ್ದರ ಸಾರ ಇಲ್ಲಿದೆ. ತುರ್ಕಿ ಭಾಷೆಯಲ್ಲಿ ಗಿ ಜಾಗದಲ್ಲಿ ಮ ಬರುತ್ತದೆ. ಕಿತಾಪ್ ಅಂದರೆ ಪುಸ್ತಕ, ಕಿತಾಪ್ ಮಿತಾಪ್ ಅಂದರೆ ಪುಸ್ತಕಗಿಸ್ತಕ. ಮೇಜಿಗೆ ಮಾಸಾ ಅನ್ನುತ್ತಾರೆ. ಅದು ಮದಿಂದಲೇ ಶುರು. ಅಲ್ಲಿ ಜೋಡಿ ಮಾಡದೆ ಮಾಸಾ ಫಲಾನ್ (ಮೇಜು, ಮತ್ತೆ ಅಂಥವು) ಅಂತ ಬೇರೆ ದಾರಿ ಹಿಡಿಯುತ್ತಾರೆ. ಇಂಗ್ಲಿಷಿನಲ್ಲಿ ಯಿಡ್ಡಿಷ್ ಭಾಷೆಯಿಂದ ಬಂದ ಶ್ಮ ಇದೆ: ಟೇಬಲ್ ಶ್ಮೇಬಲ್. ಶ್ಮದಿಂದಲೇ ಶುರುವಾಗುವ ಪದಕ್ಕೆ ಜನ ಏನು ಮಾಡುತ್ತಾರೆ ಅನ್ನುವುದನ್ನೂ ಸೇರಿಸಿ ಆಂಡ್ರ್ಯೂ ನೆವಿನ್ಸ್ ಮತ್ತು ಬರ್ಟ್ ವೋ ಒಂದು ಆನ್‌ಲೈನ್ ಸಮೀಕ್ಷೆ ಮಾಡಿ 2003ರಲ್ಲಿ ಪ್ರಕಟಿಸಿದರು. ಜನರ ಉತ್ತರ ಒಂದೇ ರೀತಿ ಇರಲಿಲ್ಲ. ಇನ್ನು ದ್ರಾವಿಡ ಕುಟುಂಬದ್ದೇ ಆದ ಕೊಲಾಮಿಯಲ್ಲಿ ಗಿ ಇದೆ. ಅಲ್ಲಿ ಪಲ್ ಅಂದರೆ ಹಲ್ಲು, ಅದರ ಜೋಡಿ ಪಲ್ ಗಿಲ್. ನಾವು ಹಲ್ಲುಗಿಲ್ಲು ಅನ್ನುವುದಿಲ್ಲವೇ? ಇದನ್ನು ಓದುವಾಗ ನನಗೆ ಮೈ ಜುಮ್ಮೆಂದಿತು.

ಸಂಶೋಧಕಿ ಆ ದಿನವೇ ನನಗೆ ಮೆಸೇಜ್ ಕಳಿಸಿದರು: "ಗಿಡಗಂಟಿ! ಗಿಡಮರ! ಅದಕ್ಕೇ ಇರಬಹುದಾ ಮೇಡಂ?" ಗಿ ಸಿಗದಿದ್ದಾಗ ಮಾತಾಡುವವರು ಜೋಡುನುಡಿಯ ಕಡೆ ವಾಲುತ್ತಾರಾ ಅನ್ನುವುದು ಅವರ ಊಹೆ. ಊಹೆ ಚೆನ್ನಾಗಿದೆ, ಆದರೆ ಮರಗಿರ ಅಂತ ಸಲೀಸಾಗಿ ಅನ್ನುವಾಗಲೂ ಮರಗಿಡ ಅನ್ನುವ ಜೋಡುನುಡಿ ಇದೆಯಲ್ಲ ಅಂತ ನಾನು ಅಡ್ಡ ಹಾಕಿದೆ. ಜೋಡುನುಡಿ ಇದ್ದ ಮಾತ್ರಕ್ಕೆ ಅದು ಗಿ ಇಲ್ಲದ ಜಾಗ ತುಂಬಲು ಬಂದದ್ದು ಅನ್ನಲಾಗದು. ಗಿಳಿಗೂ ಗಿರಾಕಿಗೂ ಜನ ಏನನ್ನುತ್ತಾರೆ ಅಂತ ಕೇಳಬೇಕು. ಅಲ್ಲಿಂದ ಹೊಸ ಪ್ರಶ್ನೆ ಶುರುವಾಯಿತು.

ಸಲಹೆಗಳು ಒಂದಕ್ಕೊಂದು ಒಪ್ಪದಿದ್ದಾಗ

ಹೇಗೆ ಕೇಳಬೇಕು ಅನ್ನುವುದರಲ್ಲಿ ಜಗಳವೇ ಆಯಿತು. ಕ್ಷೇತ್ರಕಾರ್ಯದಲ್ಲಿ ಪಳಗಿದ ಒಬ್ಬರನ್ನು ಅವರು ಹೊಸದಾಗಿ ಕೇಳಿದ್ದರು. ಅವರ ಮಾತು: ನೀವು ಬಾಯಿ ಬಿಟ್ಟು ಜೋಡಿ ಪದ ಹೇಳಲೇಬೇಡಿ. ಸನ್ನಿವೇಶ ಕೊಡಿ, ಅವರೇ ಮಾತಾಡಲಿ. "ಇದು ಸರಿಯಾ?" ಅಂತ ಕೇಳಿದರೆ ಜನ ನಿಮ್ಮ ಮನಸ್ಸು ನೋಯಿಸಬಾರದು ಅಂತ ಹೂಂ ಅನ್ನುತ್ತಾರೆ. ಪ್ರಯೋಗ ಮಾಡುವ ಇನ್ನೊಬ್ಬರ ಮಾತು ಪೂರ್ತಿ ಬೇರೆ: ಹಾಗೆ ಕಾದರೆ ಬೇಕಾದ ಪದ ಬರುವುದೇ ಇಲ್ಲ. ಪಟ್ಟಿ ಮಾಡಿ, ಕ್ರಮ ಕಲಸಿ, ನಡುವೆ ಸಂಬಂಧವಿಲ್ಲದ ವಾಕ್ಯ ಸೇರಿಸಿ, ಎಷ್ಟು ಸರಿ ಅನ್ನಿಸುತ್ತದೆ ಅಂತ ಅಂಕ ಹಾಕಿಸಿ. ಇವರೇ ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟರು. ಹತ್ತು ಜನ ಇಪ್ಪತ್ತು ಪದಕ್ಕೆ ಉತ್ತರ ಕೊಟ್ಟರೆ ಅದನ್ನು ಇನ್ನೂರು ಬೇರೆ ಬೇರೆ ಮಾಹಿತಿ ಅಂತ ಎಣಿಸಬೇಡಿ. ಒಬ್ಬರ ಇಪ್ಪತ್ತು ಉತ್ತರಗಳಿಗೂ ಆ ಒಬ್ಬರ ಗುಣ ಅಂಟಿರುತ್ತದೆ, ಲೆಕ್ಕ ಹಾಕುವಾಗ ಅದನ್ನು ಸೇರಿಸಿಕೊಳ್ಳಬೇಕು.

ಯಾರ ಮಾತು ಕೇಳಬೇಕು ಅಂತ ಅವರು ನನ್ನನ್ನು ಕೇಳಿದಾಗ ನಾನು ಒಬ್ಬರ ಹೆಸರು ಹೇಳಲಿಲ್ಲ. ಒಂದೇ ಪ್ರಶ್ನೆ ಕೇಳಿದೆ: "ಜನ ಏನೇನು ಹೇಳುತ್ತಾರೆ ಅಂತ ನಿಮಗೆ ಈಗ ಗೊತ್ತಾ?" ಗೊತ್ತಿಲ್ಲ ಅಂದರು. ಗೊತ್ತಿಲ್ಲದಿರುವಾಗ ಪಟ್ಟಿಯಲ್ಲಿ ಏನು ಬರೆಯುತ್ತಾರೆ? ಹಾಗಾಗಿ ಮೊದಲು ಸನ್ನಿವೇಶ ಕೊಟ್ಟು ಮಾತಾಡಿಸಿ, ರೂಪಗಳನ್ನು ಕೂಡಿಹಾಕುವುದು. ಆಮೇಲೆ ಆ ರೂಪಗಳನ್ನೇ ಪಟ್ಟಿಗೆ ಹಾಕಿ ಅಂಕ ಕೇಳುವುದು. ಎರಡು ಸಲಹೆಗಳೂ ಸರಿಯೇ ಇದ್ದವು, ಬೇರೆ ಬೇರೆ ಹಂತಕ್ಕೆ. ಮಾತು ರೆಕಾರ್ಡ್ ಮಾಡುವ ಮುಂಚೆ ಒಪ್ಪಿಗೆ ಕೇಳುವುದು, ಆ ಧ್ವನಿಯನ್ನು ಮುಂದೆ ಯಾರು ಕೇಳಬಹುದು ಅಂತ ಬಿಡಿಸಿ ಹೇಳುವುದು, ಬೇಡ ಅಂದರೆ ಅಳಿಸುವುದು, ಇದನ್ನು ಇಬ್ಬರೂ ಒಂದೇ ದನಿಯಲ್ಲಿ ಹೇಳಿದರು.

ಇಷ್ಟರಲ್ಲಿ ಹತ್ತಿರದವರೊಬ್ಬರು ಅವರಿಗೆ ಹೆದರಿಕೆ ಹುಟ್ಟಿಸಿದ್ದರು: ಇಷ್ಟು ಜನರಿಗೆ ಉದಾಹರಣೆ ಕಳಿಸಿದ್ದೀಯ, ಯಾರಾದರೂ ಎತ್ತಿಕೊಂಡರೆ? ಆ ಭಯ ಸುಳ್ಳಲ್ಲ. ಆದರೆ ಈ ಪ್ರಕರಣದಲ್ಲಿ ಕಳೆದುಕೊಳ್ಳುವಂಥದ್ದು ಏನಿತ್ತು? ಮುಚ್ಚಿಟ್ಟಿದ್ದರೆ ಆಗಿಹೋದ ಕೆಲಸವನ್ನೇ ಇನ್ನೊಮ್ಮೆ ಮಾಡುತ್ತಿದ್ದರು. ಹೊಸ ಪ್ರಶ್ನೆ ಬಂದದ್ದೇ ಹಂಚಿಕೊಂಡದ್ದರಿಂದ. ತಾರೀಕು ಸಮೇತ ಇಮೇಲ್‌ಗಳೂ ಉಳಿದಿವೆ.

ನನಗೆ ಜಾಸ್ತಿ ಮುಖ್ಯ ಅನ್ನಿಸಿದ್ದು ಇನ್ನೊಂದು ಕಡೆಯ ಲೆಕ್ಕ. ಗಿಡದ ಪ್ರಶ್ನೆ ಸಂಶೋಧಕಿಯದ್ದಲ್ಲ, ಆ ಧ್ವನಿವಿಜ್ಞಾನಿಯದ್ದು. ಅದನ್ನು ಎಲ್ಲಿ, ಹೇಗೆ ಬರೆಯಬೇಕು? ನಮ್ಮಲ್ಲಿ ಪತ್ರದಲ್ಲಿ ಬಂದ ಹೊಳಹನ್ನು 'ವೈಯಕ್ತಿಕ ಸಂವಹನ' ಅಂತ ಹೆಸರು ಸಮೇತ ಆ ವಾಕ್ಯದ ಪಕ್ಕದಲ್ಲೇ ಗುರುತಿಸುವ ರೂಢಿ ಇದೆ. ಕೊನೆಯ ಪುಟದ ಕೃತಜ್ಞತೆಯಲ್ಲಿ ಎಲ್ಲರ ಹೆಸರು ಒಟ್ಟಿಗೆ ಹಾಕಿದರೆ ಇದು ಕಾಣಿಸುವುದಿಲ್ಲ. ಸಂಶೋಧಕಿ ಅವರಿಗೆ ಅನುಮತಿ ಕೇಳಿ ಬರೆದರು. ಜೊತೆಗೆ ಸಹಲೇಖಕರಾಗುತ್ತೀರಾ ಅಂತಲೂ ಕೇಳಿದರು. "ಮಾಹಿತಿ ಕಲೆಹಾಕುವುದೂ ವಿಶ್ಲೇಷಣೆಯೂ ನಿಮ್ಮದೇ, ನನ್ನದು ಒಂದು ಪ್ರಶ್ನೆ ಮಾತ್ರ" ಅಂತ ಉತ್ತರ ಬಂತು. ವಾಕ್ಯರಚನೆಯವರ ಚತುರ್ಥಿಯ ಸಲಹೆಯನ್ನೂ ಹೀಗೆಯೇ ಗುರುತಿಸಿದರು. ಒರಟು ಪತ್ರ ಬರೆದವರಿಗೆ ಬೇರೆಯಾಗಿ ಬರೆದು, ಲೇಖನ ಓದಿದೆ, ನನ್ನ ಪ್ರಶ್ನೆ ಹೀಗೆ ಬದಲಾಯಿತು ಅಂತ ತಿಳಿಸಿದರು. ಈ ಸಲ ಅವರಿಂದ ಎರಡು ಪುಟದ ಉತ್ತರ ಬಂತು. ಅದರಲ್ಲಿ ಮೂರು ಒಳ್ಳೆಯ ಆಕ್ಷೇಪಗಳಿದ್ದವು.

ಈಗ ಅವರು ಮಾತಾಡಿಸುವ ಮೊದಲ ಹಂತದಲ್ಲಿದ್ದಾರೆ. ಹೋದ ವಾರ ನನಗೆ ಮತ್ತೆ ಒಂದು ಪತ್ರ ಬಂತು. ತುಂಬ ಚಿಕ್ಕದು. "ಮೇಡಂ, ಪ್ರಶ್ನೆಗಿಶ್ನೆ ಅನ್ನುತ್ತೇವೆ, ಗ್ರಿಶ್ನೆ ಅನ್ನುವುದಿಲ್ಲ, ಒತ್ತಕ್ಷರ ಪೂರ್ತಿ ಹೋಗುತ್ತದೆ. ಇದು ನಿಮಗೂ ಹೌದಾ? ಹಾಗಾದರೆ ಐ, ಔ ಇರುವ ಪದಗಳಿಗೆ? ಬೈಕು ಅಂದರೆ ಗೈಕಾ, ಗೀಕಾ? ಯೋಚಿಸದೆ ತಕ್ಷಣ ಬಾಯಿಗೆ ಬಂದದ್ದನ್ನು ಹೇಳಿ."

ಗ್ರಿಶ್ನೆ ನನ್ನ ಬಾಯಲ್ಲೂ ಬರುವುದಿಲ್ಲ, ಅಷ್ಟು ಖಂಡಿತ. ಬೈಕಿಗೆ ಇನ್ನೂ ಉತ್ತರ ಬರೆದಿಲ್ಲ. ಒಮ್ಮೆ ಒಂದು ಬರುತ್ತದೆ, ಇನ್ನೊಮ್ಮೆ ಇನ್ನೊಂದು. ಎರಡನ್ನೂ, ಯಾವ ಹೊತ್ತಿನಲ್ಲಿ ಯಾವ ಮಾತಿನ ನಡುವೆ ಬಂತು ಅನ್ನುವುದರ ಜೊತೆಗೆ, ಬರೆದಿಟ್ಟುಕೊಳ್ಳುತ್ತಿದ್ದೇನೆ. ಅವರಿಗೆ ಅದನ್ನೇ ಕಳಿಸುತ್ತೇನೆ.